ಟ್ಯಾಂಕು ತುಂಬಿದರೆ ಕೂಗುವ ಪೆಟ್ಟಿಗೆ

ಮೋಟಾರು ಹಾಕಿ ಒಲೆ ಮುಂದೆ ನಿಂತರೆ ನನಗೆ ಬೇರೆಲ್ಲ ಮರೆತೇ ಹೋಗುತ್ತದೆ. ಕಳೆದ ಬೇಸಿಗೆಯಲ್ಲೂ ಹಾಗೇ ಆಯಿತು. ತಾರಸಿಯ ಟ್ಯಾಂಕು ತುಂಬಿ ಹರಿದು, ಪಕ್ಕದ ಮನೆಯವರು ಒಣಹಾಕಿದ್ದ ಅರಳುಸಂಡಿಗೆಯೆಲ್ಲ ನೆನೆದು ಮುದ್ದೆಯಾಯಿತು. “ಬೆಳಗಿನ ಜಾವ ಎದ್ದು ಇಟ್ಟಿದ್ದೆ ಕಣ್ರೀ” ಎಂದರು, ಅಷ್ಟೆ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅಂದಿನಿಂದ ಮಾತು ನಿಂತಿತು.

ಕಾಲೇಜಿಗೆ ಹೋಗುವ ಮಗಳು, “ಟ್ಯಾಂಕು ತುಂಬಿದ ಕೂಡಲೆ ಕೂಗೋ ಅಲಾರಂ ನೀನೇ ಮಾಡಬಹುದಮ್ಮ” ಎಂದು ನಕ್ಷೆ ಬರೆದುಕೊಟ್ಟು ಹಾಸ್ಟೆಲಿಗೆ ಹೊರಟುಹೋದಳು. ನಾನು ಓದಿರುವುದು ಎಸ್ಸೆಸ್ಸೆಲ್ಸಿ. “ಸಾರಿಗೆ ಉಪ್ಪು ಹಾಕೋದೇ ಮರೀತೀಯ, ನಿನಗ್ಯಾಕೆ ಇದೆಲ್ಲ?” ಎಂದು ನಮ್ಮ ಯಜಮಾನರು ನಕ್ಕರು. ಆ ನಗುವೇ ನನಗೆ ಹಠ ಹುಟ್ಟಿಸಿತು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಬಿ.ಸಿ. 547 ಟ್ರಾನ್ಸಿಸ್ಟರ್, 1,000 ಓಮ್ ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್ಪು, ಪುಟ್ಟ ಬಜರ್, ತೂತುಗಳಿರುವ ಬೋರ್ಡು, ವೈರು, 25 ವ್ಯಾಟಿನ ಸಾಲ್ಡರಿಂಗ್ ಐರನ್, ಸಾಲ್ಡರ್ ತಂತಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ. ನಾನು ಒಂದು ಅಂಗಡಿಯಿಂದ ಕೊರಿಯರಿನಲ್ಲಿ ತರಿಸಿದೆ. ಭೂತಗನ್ನಡಿ ಹಿಡಿದು ನೋಡಿದರೆ, ಬಂದದ್ದು 557! ನೋಟಕ್ಕೆ ಎರಡೂ ಅವಳಿ-ಜವಳಿ. ಕೆಲಸ ಮಾತ್ರ ತಿರುವುಮುರುವು. ವಾಪಸು ಕಳಿಸಿ ಬದಲಾಯಿಸಿಕೊಳ್ಳಲು ವಾರ ಹಿಡಿಯಿತು. ಅದಕ್ಕೇ ಹೇಳುವುದು, ಅಂಕಿ ನೋಡದೆ ಯಾವುದನ್ನೂ ಕೂರಿಸಬೇಡಿ. ರೆಸಿಸ್ಟರಿಗೆ ಅಂಕಿಯಿಲ್ಲ, ಬಣ್ಣದ ಪಟ್ಟಿಗಳಿರುತ್ತವೆ: ಕಂದು, ಕಪ್ಪು, ಕೆಂಪು ಇದ್ದರೆ 1,000 ಓಮ್, ಕೊನೆಯ ಬಂಗಾರದ ಪಟ್ಟಿ ಅಳತೆಯಲ್ಲಿ ನೂರಕ್ಕೆ 5ರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಗುರುತು.

ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗಿದ್ದು, ಕಾಲುಗಳು ಕೆಳಗಿರಲಿ. ಎಡಗಾಲಿಗೆ ಬಜರಿನ ಮೈನಸ್ಸು, ಬಲಗಾಲಿಗೆ ಬ್ಯಾಟರಿಯ ಮೈನಸ್ಸು, ನಡುಗಾಲಿಗೆ ರೆಸಿಸ್ಟರಿನ ಒಂದು ತುದಿ. ಬಜರಿನ ಪ್ಲಸ್ಸು ಬ್ಯಾಟರಿಯ ಪ್ಲಸ್ಸಿಗೆ. ರೆಸಿಸ್ಟರಿನ ಇನ್ನೊಂದು ತುದಿಯಿಂದ ಒಂದು ವೈರು, ಬ್ಯಾಟರಿಯ ಪ್ಲಸ್ಸಿನಿಂದ ಮತ್ತೊಂದು ವೈರು ಟ್ಯಾಂಕಿಗೆ. ಅಲ್ಲಿ ಓವರ್‌ಫ್ಲೋ ಪೈಪಿಗಿಂತ ನಾಲ್ಕು ಬೆರಳು ಕೆಳಗೆ, ಒಂದಕ್ಕೊಂದು ತಾಕದ ಎರಡು ಸ್ಟೀಲ್ ಸ್ಕ್ರೂಗಳಿಗೆ ಅವನ್ನು ಕಟ್ಟಬೇಕು. ನೀರು ಎರಡನ್ನೂ ಮುಟ್ಟಿದರೆ ನಡುಗಾಲಿಗೆ ಚೂರೇ ಚೂರು ಕರೆಂಟು ಹರಿಯುತ್ತದೆ. ಅಷ್ಟಕ್ಕೇ ಟ್ರಾನ್ಸಿಸ್ಟರು ನಲ್ಲಿ ತಿರುಗಿಸಿದಂತೆ ಬಜರಿಗೆ ದಾರಿ ಬಿಡುತ್ತದೆ.

ಮೊದಲ ಸಲ ನನ್ನದು ಕೂಗಲೇ ಇಲ್ಲ. ಬೆಸುಗೆ ಹೊಳಪಿಲ್ಲದೆ ಬೂದಿಬಣ್ಣದ ಉಂಡೆಯಾಗಿ ಕೂತಿತ್ತು. ಎಣ್ಣೆ ಕಾಯದೆ ಸಾಸಿವೆ ಹಾಕಿದರೆ ಸಿಡಿಯುತ್ತದೆಯೇ, ನೀವೇ ಹೇಳಿ! ಕಾಲನ್ನೂ ಬೋರ್ಡಿನ ತಾಮ್ರವನ್ನೂ ಎರಡು-ಮೂರು ಸೆಕೆಂಡು ಕಾಯಿಸಿ, ಆಮೇಲೆ ಸಾಲ್ಡರ್ ತಂತಿ ಮುಟ್ಟಿಸಬೇಕು. ಆಗ ಅದು ತಾನಾಗಿ ಹರಡಿ ಫಳಫಳ ಹೊಳೆಯುತ್ತದೆ.

ಒಂದು ಎಚ್ಚರಿಕೆ. ಸಾಮಾನ್ಯ ಸಾಲ್ಡರಿನಲ್ಲಿ ಸೀಸವಿರುತ್ತದೆ. ಅಡಿಗೆಕಟ್ಟೆಯ ಮೇಲೆ ಈ ಕೆಲಸ ಬೇಡ. ಕಿಟಕಿ ತೆರೆದಿರಲಿ, ಹೊಗೆ ಮೂಗಿಗೆ ಬರದಿರಲಿ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಬ್ಯಾಟರಿಯ ಬದಲು ಗೋಡೆಯ ಪ್ಲಗ್ಗಿನ ಕರೆಂಟನ್ನು ಮಾತ್ರ ಎಂದೂ ಕೊಡಬೇಡಿ.

ಎರಡನೆಯ ಸಲ ವೈರುಗಳನ್ನು ಲೋಟದ ನೀರಿಗೆ ಅದ್ದಿದ್ದೇ ತಡ, ‘ಕುಂಯ್’ ಎಂದು ಕೂಗಿತು ನೋಡಿ! ಯಜಮಾನರು ಪೇಪರು ಬಿಟ್ಟು ಓಡಿಬಂದರು.

ಟ್ಯಾಂಕಿಗೆ ಕಟ್ಟಿದ ಮೂರನೆಯ ದಿನ ಪಕ್ಕದ ತಾರಸಿಯಿಂದ ದನಿ ಬಂತು: “ಅದೇನ್ರೀ ಕೂಗಿದ್ದು?” ಎರಡು ತಿಂಗಳ ಮೇಲೆ ಮೊದಲ ಮಾತು.

“ಟ್ಯಾಂಕು ತುಂಬಿತು ಕಣ್ರೀ. ಇನ್ನು ಧೈರ್ಯವಾಗಿ ಸಂಡಿಗೆ ಹಾಕಿ” ಎಂದೆ.

ಈಗ ಅವರಿಗೂ ಒಂದು ಬೇಕಂತೆ. ಸಾಮಾನು ತರಿಸಿದ್ದೇನೆ. ಈ ಸಲ ಅಂಕಿ ನೋಡುವ ಕೆಲಸ ಅವರದೇ.