ರೀವೈಂಡಿಂಗ್ ಮಾಡಿಸಿದ ಕಂಪ್ಯೂಟರ್

ಭದ್ರಾವತಿಯ ಪೇಪರ್ ಟೌನಿನಲ್ಲಿರುವ ಚಿಕ್ಕಪ್ಪನ ಮನೆಯ ಕಂಪ್ಯೂಟರ್ ಎರಡು ವರ್ಷದಿಂದ ಬಟ್ಟೆ ಹೊದ್ದು ಮೂಲೆ ಸೇರಿತ್ತು. ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ್‍ಯಾಮ್. ಸ್ವಿಚ್ ಒತ್ತಿ, ಹಾಲು ಕಾಯಿಸಿ, ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ತೋರಿಸಿದ ಅಂಗಡಿಯಲ್ಲಿ ‘ಹೊಸದು ತಗೊಳ್ಳಿ ಸಾರ್, ಇದು ಗುಜರಿಗೆ’ ಅಂದರಂತೆ. ಚಿಕ್ಕಪ್ಪ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಶಿವಮೊಗ್ಗದಲ್ಲಿದ್ದ ನನಗೆ ಫೋನ್ ಮಾಡಿ, “ಮೋಟರ್ ಸುಟ್ಟ್ರೆ ರೀವೈಂಡಿಂಗ್ ಮಾಡಿಸ್ತೀವಪ್ಪ, ಮೋಟರನ್ನೇ ಯಾರು ಬಿಸಾಕ್ತಾರೆ? ಒಂದ್ಸಲ ಬಂದು ನೋಡು” ಅಂದರು.

1923ರಲ್ಲಿ ಕಬ್ಬಿಣ ಕಾಯಿಸಲು ಶುರುಮಾಡಿದ ಊರು ಅದು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂತು, 2015ರಲ್ಲಿ ಅದರ ಯಂತ್ರಗಳು ನಿಂತವು. ಕಾರ್ಖಾನೆ ನಿಂತರೂ ಕೈಗೆ ಹತ್ತಿದ ಅಭ್ಯಾಸ ನಿಲ್ಲಲಿಲ್ಲ. ಅಲ್ಲಿನ ಮನೆಗಳಲ್ಲಿ ಮಿಕ್ಸಿ, ಫ್ಯಾನು, ಪಂಪು ಯಾವುದನ್ನೂ ಬಿಚ್ಚಿ ನೋಡದೆ ಹೊರಗೆ ಹಾಕುವುದಿಲ್ಲ.

ನಾವೂ ಮೊದಲು ಬಿಚ್ಚಿದೆವು. ಕ್ಯಾಬಿನೆಟ್ಟಿನೊಳಗೆ ಫ್ಯಾನಿನ ರೆಕ್ಕೆಗಳಿಗೆ ಧೂಳು ಕಂಬಳಿಯ ಹಾಗೆ ಅಂಟಿತ್ತು. ಪೇಂಟ್ ಬ್ರಷ್ಷಿನಿಂದ ಅದನ್ನು ಬಿಡಿಸಿ, ರ್‍ಯಾಮ್ ಪಟ್ಟಿಯನ್ನು ಕಿತ್ತು, ಮಲೆನಾಡಿನ ಥಂಡಿಗೆ ಮಸುಕಾಗಿದ್ದ ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಆಮೇಲೆ ಕಂಡದ್ದು ಗಡಿಯಾರದ ತೊಂದರೆ. ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಹಲವು ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿ ಕೂರುತ್ತಿತ್ತು. ‘ಬ್ಯಾಂಕಿನ ಪುಟ ತೆರೆಯೋದೇ ಇಲ್ಲ, ಇಂಟರ್ನೆಟ್ ಹಾಳಾಗಿದೆ’ ಎಂದು ಚಿಕ್ಕಮ್ಮ ಹೇಳುತ್ತಿದ್ದುದಕ್ಕೆ ಕಾರಣ ಇದೇ. ಪ್ರತಿ ಜಾಲತಾಣಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ. ಗಡಿಯಾರ ಹಿಂದಕ್ಕೆ ಹೋದರೆ ಆ ಪತ್ರ ‘ಇನ್ನೂ ಹುಟ್ಟಿಲ್ಲ’ ಎಂದು ಬ್ರೌಸರ್ ಬಾಗಿಲು ಹಾಕುತ್ತದೆ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಸಿಆರ್ 2032. ಬಿ.ಎಚ್. ರಸ್ತೆಯ ಕೈಗಡಿಯಾರದ ಅಂಗಡಿಯಲ್ಲೇ ಸಿಕ್ಕಿತು.

ಇನ್ನು ಉಳಿದದ್ದು ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುವ ಆಪರೇಟಿಂಗ್ ಸಿಸ್ಟಮ್, ಲಿನಕ್ಸ್. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿರುವ ಆಪರೇಟಿಂಗ್ ಸಿಸ್ಟಮ್ಮಿನ ಸುದ್ದಿ ಹೇಳಿದಾಗ ಅವರ ಮೇಜಿನ ಮೇಲಿದ್ದದ್ದು ಒಂದು 386 ಯಂತ್ರ, ಇವತ್ತಿನ ಲೆಕ್ಕದಲ್ಲಿ ತೀರಾ ಬಡಕಲು. ಅಂದು ಹುಟ್ಟಿದ ಲಿನಕ್ಸಿನ ಮೇಲೆ ಕಟ್ಟಿದ ಟೈನಿ ಕೋರ್ ಎಂಬ ಪುಟ್ಟ ಆವೃತ್ತಿ ಈಗಲೂ 25 ಎಂಬಿ ಒಳಗೆ ಮುಗಿಯುತ್ತದೆ. ಪಪ್ಪಿ ಲಿನಕ್ಸ್ ಪೂರ್ತಿ ರ್‍ಯಾಮಿನಲ್ಲೇ ಕೂತು ಓಡುತ್ತದೆ, ಹಾರ್ಡ್ ಡಿಸ್ಕೇ ಕೆಟ್ಟಿದ್ದರೂ ನಡೆಯುತ್ತದೆ.

ಆದರೆ ಹಳೆಯದೆಲ್ಲವೂ ಒಂದೇ ಅಲ್ಲ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಎಂದು ಟೈಪಿಸಿದರೆ ಪ್ರೊಸೆಸರ್ 32 ಬಿಟ್ಟೋ 64 ಬಿಟ್ಟೋ ಹೇಳುತ್ತದೆ. ಎಲ್ಲವೂ ತೀರ್ಮಾನವಾಗುವುದು ಆ ಒಂದು ಸಾಲಿನಲ್ಲಿ. ಕೋರ್ 2 ಡ್ಯುಯೊ 64 ಬಿಟ್ಟಿನದು, ಬದುಕಿತು. 32 ಬಿಟ್ಟಿನ ಯಂತ್ರಗಳಿಗೆ ದಾರಿ ಕಿರಿದಾಗುತ್ತಿದೆ. ಡೆಬಿಯನ್ ಎಂಬ ಲಿನಕ್ಸಿನ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅವುಗಳಿಗೆ ಇನ್‌ಸ್ಟಾಲರ್ ಇಲ್ಲ. ಹಿಂದಿನ ಡೆಬಿಯನ್ 12, ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಇಂಥವು ಉಳಿದಿವೆ. ಹಳೇ ಯಂತ್ರಗಳ ಆಸರೆ ಎಂದು ಹೆಸರಾದ ಲಿನಕ್ಸೂ ಕೈಬಿಡುತ್ತದೆಯಲ್ಲ ಎಂದು ನನಗೆ ಸಂಕಟವಾಗುತ್ತದೆ.

ಮೊದಲು ಲಿನಕ್ಸನ್ನು ಪೆನ್ ಡ್ರೈವಿನಿಂದಲೇ ಓಡಿಸಿ, ಧ್ವನಿ, ಪ್ರಿಂಟರು, ವೈಫೈ ನಡೆಯುತ್ತವೆಂದು ಖಾತ್ರಿ ಮಾಡಿಕೊಂಡು, ಹಳೆಯ ಫೈಲುಗಳನ್ನೆಲ್ಲ ಬೇರೆ ಕಡೆ ಇಟ್ಟು, ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪಿನ ಜೊತೆ ಡೆಬಿಯನ್ ಹಾಕಿದೆ. ಸುಮ್ಮನೆ ಕೂತಾಗ ಅದು ತೆಗೆದುಕೊಂಡದ್ದು ಸುಮಾರು 450 ಎಂಬಿ. ಬ್ರೌಸರ್ ತೆರೆದು ಮೂರು ಪುಟ ಬಿಚ್ಚಿದೊಡನೆ ಏದುಸಿರು ಶುರು. ಈಗಿನ ಭಾರವೆಲ್ಲ ಜಾಲಪುಟಗಳದ್ದು, ಯಾವ ಲಿನಕ್ಸೂ ಅದನ್ನು ಇಳಿಸಲಾರದು. ಶಿವಮೊಗ್ಗದಲ್ಲಿ ಹುಡುಕಿ ತಂದ ಹಳೆಯ ಡಿಡಿಆರ್2 ರ್‍ಯಾಮ್ ಸೇರಿಸಿ 4 ಜಿಬಿ ಮಾಡಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಸಣ್ಣ ಎಸ್‌ಎಸ್‌ಡಿ ಕೂರಿಸಿದ ಮೇಲೆ ಕಾಫಿಗೆ ಏಳುವಷ್ಟು ಹೊತ್ತು ಸಿಗಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡ. ಚಿಕ್ಕಪ್ಪ ನಿವೃತ್ತರ ಸಂಘದ ಕಾರ್ಯದರ್ಶಿ. ಹದಿನೈದು ವರ್ಷದ ನಡಾವಳಿಯನ್ನೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ್ದರು. ಲಿನಕ್ಸಿನಲ್ಲಿ ಆ ಫೈಲು ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು. ಚಿಕ್ಕಪ್ಪ ಏನೂ ಮಾತಾಡಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಆ ಫೈಲುಗಳಲ್ಲಿ ಇದ್ದದ್ದು ಕನ್ನಡದ ವೇಷ ತೊಟ್ಟ ಇಂಗ್ಲಿಷ್ ಗುರುತುಗಳು, ಆ ಫಾಂಟು ಇಲ್ಲದೆಡೆ ವೇಷ ಕಳಚುತ್ತದೆ. ಇದನ್ನು ಯೂನಿಕೋಡಿಗೆ ತಿರುಗಿಸುವ ಉಚಿತ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದಿಟ್ಟಿದ್ದಾರೆ. ಕೈಬರಹದಂಥ ‘ನವಿಲು’ ಅಕ್ಷರಶೈಲಿಯೂ ಅವರದೇ, ಡೆಬಿಯನ್ನಿನಲ್ಲೇ ಸಿಗುತ್ತದೆ. ಒಂದು ಸಂಜೆಯೆಲ್ಲ ಕೂತು ನಡಾವಳಿಗಳನ್ನು ತಿರುಗಿಸಿದೆವು. ಅಲ್ಲಲ್ಲಿ ಅರ್ಕಾವೊತ್ತು ತಪ್ಪಿದ್ದನ್ನು ಚಿಕ್ಕಪ್ಪ ಒಂದೊಂದೇ ತಿದ್ದಿದರು.

ಬೆರಳುಗಳಿಗೂ ತೊಂದರೆಯಾಗಲಿಲ್ಲ. ನುಡಿಯ ಕೀಲಿಮಣೆ ಕೆ.ಪಿ. ರಾಯರು ರೂಪಿಸಿದ್ದು. ಅದೇ ವಿನ್ಯಾಸ ಲಿನಕ್ಸಿನಲ್ಲಿ ಟೈಪಿಸಲು ಬಳಸುವ ಐಬಸ್‌ನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಇದೆ. ಲಿನಕ್ಸಿಗೆ ಕನ್ನಡ ಹೊಸದೂ ಅಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಎಷ್ಟೋ ವರ್ಷದಿಂದ ಶಾಲೆಯಲ್ಲಿ ಲಿನಕ್ಸನ್ನೇ, ಕನ್ನಡದ ಪಠ್ಯಪುಸ್ತಕ ಹಿಡಿದು, ಕಲಿಯುತ್ತಿದ್ದಾರೆ. ಕೇರಳ ಮಾಡಿದ ಈ ಕೆಲಸವನ್ನು ನಮ್ಮ ಜಿಲ್ಲೆಯ ಶಾಲೆಗಳಲ್ಲೂ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಇಂಟೆಲ್ಲಿನ 8ನೇ ಪೀಳಿಗೆಯ ಪ್ರೊಸೆಸರ್ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಇಲ್ಲ. ಚಿಕ್ಕಪ್ಪನ ಯಂತ್ರಕ್ಕಿಂತ ಹತ್ತು ವರ್ಷ ಕಿರಿಯವು ಈಗ ಗುಜರಿಯ ದಾರಿಯಲ್ಲಿವೆ. ಗುಜರಿಗೆ ಕೊಡುವ ಮುಂಚೆ ಲಿನಕ್ಸ್ ತುಂಬಿದ ಒಂದು ಪೆನ್ ಡ್ರೈವ್ ಚುಚ್ಚಿ ನೋಡಿ.

ಅಂದು ಹೊರಡುವಾಗ ಚಿಕ್ಕಪ್ಪ ಹೊಸ ಪುಟ ತೆರೆದು ಊರಿನ ಹೆಸರು ಹೊಡೆದರು. ದ, ಒತ್ತಕ್ಷರಕ್ಕೆ ಎಫ್, ಆಮೇಲೆ ರ. ಭದ್ರಾವತಿ ಎಂದು ಮೂಡಿತು. ಕೆಳಗೆ ತಾರೀಖು ಹಾಕಿ, ಗೋಡೆಯ ಕ್ಯಾಲೆಂಡರಿಗೂ ಪರದೆಯ ಮೂಲೆಗೂ ಒಮ್ಮೆ ಕಣ್ಣು ಹಾಯಿಸಿ, “ಸರಿಯಿದೆ” ಅಂದರು. ಮುಂದಿನ ಭಾನುವಾರಕ್ಕೆ ಪಕ್ಕದ ಮನೆಯವರ ಲ್ಯಾಪ್‌ಟಾಪ್ ತರಿಸಿಡುತ್ತಾರಂತೆ.