ಬ್ರೇಕು ಸವೆದಾಗ ಡಿಸ್ಕಿಗೆ ಏನಾಗುತ್ತದೆ?

ಸತ್ಯಮಂಗಲದಿಂದ ತಾಳವಾಡಿಯ ಕಡೆಗೆ ಬರುವವರು ಬಣ್ಣಾರಿಯನ್ನು ದಾಟಿದ ಮೇಲೆ ದಿಂಬಂ ಘಟ್ಟವನ್ನು ಏರಬೇಕು. ಈ ದಾರಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಟ್ಟದಲ್ಲಿ 36. ಗಡಿಯಾಚೆಯ ನಮ್ಮ ಕನ್ನಡದ ಊರುಗಳಲ್ಲಿ ಹಲವು ಇಂತಹ ಘಟ್ಟಗಳ ನೆತ್ತಿಯ ಮೇಲಿರುವುದರಿಂದ, ಆಸ್ಪತ್ರೆಗೆ ಹೋಗಬೇಕಾದರೂ ಮದುವೆಗೆ ಹೋಗಬೇಕಾದರೂ ಇಳಿಯದೆ ಗತಿಯಿಲ್ಲ. ಏರುವಾಗ ಪರೀಕ್ಷೆ ಎಂಜಿನಿನದು, ಇಳಿಯುವಾಗ ಬ್ರೇಕಿನದು. ಏರಲಾರದ ಗಾಡಿ ದಾರಿಯ ಬದಿಯಲ್ಲಿ ನಿಂತುಬಿಡುತ್ತದೆ. ಅದರಿಂದ ಆಗುವ ಹಾನಿ ಅಷ್ಟಕ್ಕಷ್ಟೆ. ಇಳಿಯುತ್ತ ನಿಲ್ಲಲಾರದ ಗಾಡಿಯ ಮಾತು ಹಾಗಲ್ಲ. ಆದುದರಿಂದ ಮೋಟಾರು ಗಾಡಿಯ ಬ್ರೇಕಿನಲ್ಲಿ ಸವೆಯುವುದು ಯಾವುದು, ಅದು ಸವೆದರೆ ಕೆಡುವುದು ಯಾವುದು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ತಾಯ್ತಂದೆಗಳಿಗೂ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಬ್ರೇಕು ಗಾಡಿಯ ವೇಗವನ್ನು ನುಂಗಿಬಿಡುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಶಕ್ತಿಗೆ ನಾಶವಿಲ್ಲ, ರೂಪಾಂತರವುಂಟು ಎಂದು ಶಾಲೆಯ ಪಾಠದಲ್ಲಿ ಓದಿದ್ದೇವಷ್ಟೆ. ಚಲಿಸುವ ಗಾಡಿಯಲ್ಲಿರುವ ಚಲನಶಕ್ತಿಯನ್ನು ಬ್ರೇಕು ಘರ್ಷಣೆಯ ಮೂಲಕ ಉಷ್ಣವಾಗಿ ಮಾರ್ಪಡಿಸುತ್ತದೆ. ಜನರನ್ನೂ ಸೇರಿಸಿ 1200 ಕಿಲೋಗ್ರಾಂ ತೂಗುವ ಒಂದು ಕಾರು ಗಂಟೆಗೆ 72 ಕಿಲೋಮೀಟರ್, ಎಂದರೆ ಸೆಕೆಂಡಿಗೆ 20 ಮೀಟರ್, ವೇಗದಲ್ಲಿ ಹೋಗುತ್ತಿದೆಯೆನ್ನಿ. ಅದರ ಚಲನಶಕ್ತಿ 2,40,000 ಜೂಲ್. ಅದನ್ನು ಒಮ್ಮೆ ಪೂರ್ತಿಯಾಗಿ ನಿಲ್ಲಿಸಿದರೆ ಹುಟ್ಟುವ ಶಾಖದಿಂದ ಸುಮಾರು 700 ಮಿಲಿಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುವುದು. ಇದನ್ನು ಮೇಲಿನ ತರಗತಿಯ ಮಕ್ಕಳು ತಾವೇ ಲೆಕ್ಕ ಹಾಕಿ ನೋಡಬಹುದು.

ಈಗ ಘಟ್ಟದ ಲೆಕ್ಕವನ್ನು ನೋಡೋಣ. ಇದೇ ಗಾಡಿ ನೇರ ಎತ್ತರದಲ್ಲಿ 100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ 11 ಲಕ್ಷ 76 ಸಾವಿರ ಜೂಲ್. ಮೇಲೆ ಹೇಳಿದಂತಹ ನಿಲುಗಡೆಗಳಿಗೆ ಹೋಲಿಸಿದರೆ ಇದು ಹೆಚ್ಚುಕಡಿಮೆ ಐದಕ್ಕೆ ಸಮ. 500 ಮೀಟರ್ ಇಳಿದರೆ ಹದಿನೇಳು ಲೀಟರಿಗೂ ಮಿಕ್ಕ ನೀರನ್ನು, ಎಂದರೆ ಒಂದು ದೊಡ್ಡ ಕೊಡದಷ್ಟನ್ನು, ಕುದಿಸುವಷ್ಟು ಶಾಖ. ಗಾಳಿಯ ತಡೆಯೂ ಟಯರುಗಳ ತಡೆಯೂ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ. ಆದರೆ ನಿಧಾನವಾಗಿ ಇಳಿಯುವ ಗಾಡಿಗೆ ಆ ನೆರವು ಅಲ್ಪ. ಉಳಿದುದನ್ನೆಲ್ಲ ಬ್ರೇಕೊಂದರ ಮೇಲೆಯೇ ಹೊರಿಸಿದರೆ, ಅಷ್ಟು ಶಾಖವೂ ಚಕ್ರಗಳ ಒಳಗಿನ ಕೆಲವೇ ಕಿಲೋ ಕಬ್ಬಿಣದೊಳಗೆ ಸೇರಬೇಕು.

ಆ ಕಬ್ಬಿಣವೇ ಡಿಸ್ಕು. ರೋಟರ್ ಎಂದೂ ಇದನ್ನು ಕರೆಯುತ್ತಾರೆ. ಎರಕದ ಕಬ್ಬಿಣದಿಂದ ಮಾಡಿದ, ಚಕ್ರದೊಂದಿಗೆ ತಿರುಗುವ ದುಂಡು ತಟ್ಟೆ ಇದು. ಇದರ ಎರಡು ಮಗ್ಗುಲಿಗೂ ಒಂದೊಂದು ಪ್ಯಾಡ್ ಇರುತ್ತದೆ. ಪೆಡಲನ್ನು ತುಳಿದಾಗ ಬ್ರೇಕ್ ಆಯಿಲಿನ ಒತ್ತಡದಿಂದ ಕ್ಯಾಲಿಪರ್ ಎಂಬ ಹಿಡಿ ಈ ಎರಡು ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಅಡಕೆಯನ್ನು ಅಡಕೊತ್ತಿನ ನಡುವೆ ಹಿಡಿದಂತೆ ಎನ್ನಬಹುದು, ಕತ್ತರಿಸುವುದಿಲ್ಲವೆಂಬುದಷ್ಟೇ ವ್ಯತ್ಯಾಸ. ಪ್ಯಾಡಿನಲ್ಲಿ ಎರಡು ಭಾಗ. ಹಿಂದೆ ಉಕ್ಕಿನ ತಗಡು. ಅದರ ಮೇಲೆ ಅಂಟಿಸಿದ ಘರ್ಷಣದ ವಸ್ತು. ಹೊಸದರಲ್ಲಿ ಈ ವಸ್ತು ಸುಮಾರು 10 ಮಿಲಿಮೀಟರ್ ದಪ್ಪವಿರುವುದು ವಾಡಿಕೆ. ಡಿಸ್ಕು ಉಳಿಯಲೆಂದು ಪ್ಯಾಡನ್ನು ಸವೆಯಗೊಡುವುದೇ ಇಲ್ಲಿನ ಯುಕ್ತಿ. ಪ್ಯಾಡ್ ಅಗ್ಗ, ಬದಲಿಸುವುದು ಸುಲಭ; ಡಿಸ್ಕು ಹಾಗಲ್ಲ.

ಇದರ ಪೂರ್ವಚರಿತ್ರೆಯೂ ಗುಡ್ಡದ ದಾರಿಯಿಂದಲೇ ಆರಂಭವಾಗುತ್ತದೆ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಮರದ ಬ್ರೇಕಿಗೆ ಹಳೆಯ ಬೂಟಿನ ತೊಗಲನ್ನು ಬಡಿದುಕೊಳ್ಳುತ್ತಿದ್ದರಂತೆ. ಅದನ್ನು ಕಂಡು ಹರ್ಬರ್ಟ್ ಫ್ರೂಡ್ ಎಂಬವರು 1897ರಲ್ಲಿ ಬ್ರೇಕಿಗೆಂದೇ ಘರ್ಷಣದ ವಸ್ತುವನ್ನು ಸಿದ್ಧಪಡಿಸತೊಡಗಿದರು. ಫೆರೋಡೊ ಎಂಬ ಹೆಸರು ಅವರ ಹೆಸರಿನ ಅಕ್ಷರಗಳಿಂದಲೇ ಬಂದುದು. ಡಿಸ್ಕ್ ಬ್ರೇಕಿಗೆ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರೂ ಅದು ಲೋಕದ ಕಣ್ಣಿಗೆ ಬಿದ್ದುದು 1953ರಲ್ಲಿ, ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಅದರ ಬಲದಿಂದ ಗೆದ್ದಾಗ. ನಮ್ಮ ಹಿರಿಯರು ಬಲ್ಲ ಮೊದಲ ಅಂಬಾಸಿಡರ್ ಕಾರುಗಳಿಗೆ ಇದ್ದುದು ಡ್ರಮ್ ಬ್ರೇಕು.

ಇರಲಿ. ಪ್ಯಾಡು ಸವೆಯುತ್ತ ಹೋದಾಗ ಆಗುವುದೇನು? ಘರ್ಷಣದ ವಸ್ತು 3 ಮಿಲಿಮೀಟರಿಗೆ ಇಳಿದರೆ ಬದಲಿಸತಕ್ಕದ್ದೆಂಬುದು ಬಲ್ಲವರ ಸಾಮಾನ್ಯ ನಿಯಮ. ಅನೇಕ ಪ್ಯಾಡುಗಳಲ್ಲಿ ಉಕ್ಕಿನ ಒಂದು ಸಣ್ಣ ನಾಲಗೆಯನ್ನು ಇಟ್ಟಿರುತ್ತಾರೆ. ಪ್ಯಾಡು ತೆಳುವಾದೊಡನೆ ಅದು ತಿರುಗುವ ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಇದು ತಯಾರಕರು ಬುದ್ಧಿಪೂರ್ವಕವಾಗಿ ಇಟ್ಟ ಎಚ್ಚರಿಕೆ. ರೇಡಿಯೋದ ಧ್ವನಿಯನ್ನು ಏರಿಸಿ ಈ ಸದ್ದನ್ನು ಮರೆಸುವ ಚಾಲಕರೂ ಇದ್ದಾರೆ! ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳ ಕಿವಿ ಇಂತಹುದರಲ್ಲಿ ದೊಡ್ಡವರ ಕಿವಿಗಿಂತ ಚುರುಕು. ಅವರು ಕೇಳಿದರೆ ಸುಮ್ಮನಿರಿಸಬಾರದೆಂದು ತಾಯ್ತಂದೆಗಳಲ್ಲಿ ನಮ್ಮ ವಿನಂತಿ.

ಆ ಕೀಚಲು ಸದ್ದನ್ನೂ ಮೀರಿ ಓಡಿಸಿದರೆ ಒಂದು ದಿನ ಘರ್ಷಣದ ವಸ್ತು ಪೂರ್ತಿ ಮುಗಿದು, ಹಿಂದಿನ ಉಕ್ಕಿನ ತಗಡೇ ಡಿಸ್ಕನ್ನು ಉಜ್ಜತೊಡಗುತ್ತದೆ. ಕೀಚಲು ಹೋಗಿ ಗರಗರ ಸದ್ದು ಬರುತ್ತದೆ. ಪೆಡಲಿನಲ್ಲಿ ಅದು ಕಾಲಿಗೂ ತಾಗುತ್ತದೆ. ನೇಗಿಲು ನೆಲದಲ್ಲಿ ಗೀರಿದಂತೆ ತಗಡು ಡಿಸ್ಕಿನಲ್ಲಿ ಸಾಲುಗಳನ್ನು ಕೊರೆಯುತ್ತದೆ. ಕೆಲವೇ ದಿನಗಳ ಓಡಾಟದಲ್ಲಿ ಡಿಸ್ಕು ಕೆಟ್ಟುಹೋದೀತು. ಆಗ ಪ್ಯಾಡಿನ ಖರ್ಚಿನೊಂದಿಗೆ ಡಿಸ್ಕಿನ ಖರ್ಚೂ ಸೇರುವುದು. ಹಣದ ಮಾತು ಹಾಗಿರಲಿ. ಉಕ್ಕು ಕಬ್ಬಿಣವನ್ನು ಹಿಡಿಯುವ ಹಿಡಿತ ಪ್ಯಾಡಿನ ಹಿಡಿತದಂತಲ್ಲವಾದುದರಿಂದ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಕೇಡು ಇದಕ್ಕಿಂತ ಮುಖ್ಯವಾದುದು. ದಪ್ಪ ಪ್ಯಾಡು ಡಿಸ್ಕಿನ ಶಾಖವನ್ನು ಬ್ರೇಕ್ ಆಯಿಲಿಗೆ ಬೇಗ ತಲುಪಗೊಡದೆ ತಡೆಯುತ್ತದೆ, ಬಿಸಿ ಪಾತ್ರೆಯನ್ನು ಇಳಿಸುವಾಗ ಮಡಿಸಿ ಹಿಡಿದ ಬಟ್ಟೆಯಂತೆ. ಬಟ್ಟೆ ತೆಳುವಾದರೆ ಕೈ ಸುಡುವುದು. ಪ್ಯಾಡು ತೆಳುವಾದರೆ ಶಾಖ ಪಿಸ್ಟನ್ನನ್ನು ದಾಟಿ ಆಯಿಲನ್ನು ಸೇರುವುದು. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಬಾರದೆಂದು ನಿಯಮ. ಆದರೆ ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವದ್ದು. ತೇವ ಹೀರಿದ ಆಯಿಲಿಗೆ ಅದೇ ನಿಯಮ ಕೇಳುವುದು 155 ಡಿಗ್ರಿಯನ್ನು ಮಾತ್ರ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು; ಆದುದರಿಂದ ಚಾಲಕನ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ವ್ಯಯವಾಗಿ ಪೆಡಲು ನೆಲಕ್ಕೆ ಕುಸಿಯುತ್ತದೆ. ಘಟ್ಟದ ಕೆಳಗಿನ ತಿರುವುಗಳಲ್ಲಿ "ಬ್ರೇಕು ಹಿಡಿಯಲಿಲ್ಲ" ಎಂದು ಕೇಳಿಬರುವ ಮಾತಿನ ಹಿಂದೆ ಅನೇಕ ವೇಳೆ ಇರುವ ಕಾರಣ ಇದು. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಬದಲಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಆಯಿಲಿನ ಬಗೆಗೆ ಇನ್ನೊಂದು ಮಾತು. ಪ್ಯಾಡು ಸವೆದಂತೆ ಪಿಸ್ಟನ್ ಮುಂದಕ್ಕೆ ಸರಿಯುವುದರಿಂದ ಡಬ್ಬಿಯಲ್ಲಿ ಆಯಿಲಿನ ಮಟ್ಟ ಇಳಿಯುತ್ತದೆ, ಕೆಂಪು ದೀಪವೂ ಹತ್ತೀತು. ಕಾರಣವನ್ನು ಹುಡುಕದೆ ಆಯಿಲ್ ಸುರಿದು ದೀಪವನ್ನು ಆರಿಸುವುದು ಜ್ವರವಿರುವಾಗ ಥರ್ಮಾಮೀಟರನ್ನು ತಣ್ಣೀರಿನಲ್ಲಿ ಅದ್ದಿದಂತೆ.

ಇತ್ತೀಚೆಗೆ ತರುಣರು ಈ ತೊಂದರೆಗಳಿಗೆಲ್ಲ ಮದ್ದೆಂದು ಪರ್ಫಾರ್ಮೆನ್ಸ್ ಪ್ಯಾಡುಗಳನ್ನು ಹಾಕಿಸುವುದುಂಟು. ಇವು ಹೆಚ್ಚಿನ ಶಾಖದಲ್ಲಿಯೂ ಹಿಡಿತ ಬಿಡದಂತೆ ರಚಿಸಿದವುಗಳು. ಹಲವುದರಲ್ಲಿ ಲೋಹದ ಅಂಶ ಅಧಿಕ. ರಸ್ತೆಗೆಂದೇ ಮಾಡಿದ ಒಳ್ಳೆಯವುಗಳೂ ಇವೆ, ಅವನ್ನು ನಾವು ಹಳಿಯುವುದಿಲ್ಲ. ಆದರೆ ಪಂದ್ಯದ ಗಾಡಿಗೆಂದು ಮಾಡಿದ ಪ್ಯಾಡು ಚೆನ್ನಾಗಿ ಕಾದ ಮೇಲೆಯೇ ಕೆಲಸ ಮಾಡತಕ್ಕದ್ದು. ನೀಲಗಿರಿಯ ಚಳಿಯ ಬೆಳಿಗ್ಗೆ ಮನೆಯಿಂದ ಹೊರಟ ಗಾಡಿಯ ಮೊದಲ ತಿರುವಿನಲ್ಲಿ ಅದು ಸಾಧಾರಣ ಪ್ಯಾಡಿಗಿಂತ ಕಡಿಮೆ ಹಿಡಿಯುವುದು. ಸಾಲದುದಕ್ಕೆ, ತಣ್ಣಗಿರುವಾಗ ಡಿಸ್ಕನ್ನು ಮರಳುಕಾಗದದಂತೆ ಕೆರೆಯುವುದು. ಸವೆದ ಮೇಲಂತೂ ಯಾವ ಪ್ಯಾಡಿನ ಹೆಸರೂ ಡಿಸ್ಕನ್ನು ಕಾಪಾಡದು.

ಡಿಸ್ಕು ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ? ಗಾಡಿ ಪೂರ್ತಿ ತಣ್ಣಗಾದ ಮೇಲೆ ಚಕ್ರದ ಸಂದಿನಿಂದ ನೋಡಿ. ಆಳವಾದ ಗೀರುಗಳು, ಅಂಚಿನಲ್ಲಿ ಉಗುರಿಗೆ ಸಿಕ್ಕುವ ದಿಂಡು, ನೀಲಿಯ ಛಾಯೆ, ಸಣ್ಣ ಬಿರುಕುಗಳು — ಇವು ಚಿಹ್ನೆಗಳು. ನೀಲಿ ಬಣ್ಣ ವಿಪರೀತ ಕಾಯ್ದುದರ ಗುರುತು. ಅಂಚಿನವರೆಗೆ ಹೋದ ಬಿರುಕಿದ್ದರೆ ಆ ಡಿಸ್ಕಿನ ಆಯುಸ್ಸು ಮುಗಿಯಿತು. ಹೊರಗಿನಿಂದ ಕಾಣುವುದು ಹೊರ ಮಗ್ಗುಲಿನ ಪ್ಯಾಡು ಮಾತ್ರ. ಕ್ಯಾಲಿಪರಿನ ಪಿನ್ನುಗಳು ಬಿಗಿದುಕೊಂಡಿದ್ದರೆ ಒಳಗಿನದು ಮೊದಲೇ ಮುಗಿದಿರುವುದುಂಟು. ಆದುದರಿಂದ ಚಕ್ರ ಕಳಚಿಸಿ ನೋಡಿಸುವುದೇ ಲೇಸು. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಹೊಸದರಲ್ಲಿ 22 ಮಿಲಿಮೀಟರ್ ಇದ್ದುದಕ್ಕೆ 20 ಎಂದಿರಬಹುದು. ಎಂದರೆ ಸವೆಯಲು ಇರುವ ಅವಕಾಶ ಎರಡೇ ಮಿಲಿಮೀಟರ್. ಲೇತಿಗೆ ಕೊಟ್ಟು ಗೀರುಗಳನ್ನು ಹೆರೆಸಿದ ಮೇಲೂ ದಪ್ಪ ಆ ಮಿತಿಗಿಂತ ಮೇಲೆ ಉಳಿದರೆ ಮಾತ್ರ ಡಿಸ್ಕನ್ನು ಮತ್ತೆ ಬಳಸಬಹುದು. ತೆಳುವಾದ ಡಿಸ್ಕು ಅದೇ ಶಾಖಕ್ಕೆ ಹೆಚ್ಚು ಕಾಯುವುದು.

ಬ್ರೇಕು ಹಿಡಿದಾಗ ಸ್ಟಿಯರಿಂಗು ನಡುಗಿದರೆ ಡಿಸ್ಕು ಸೊಟ್ಟಗಾಗಿದೆ ಎನ್ನುವುದು ಗ್ಯಾರೇಜಿನ ಮಾತು. ನಿಜಕ್ಕೂ ಎಷ್ಟೋ ವೇಳೆ ಅದು ಸೊಟ್ಟಗಾಗಿರುವುದಿಲ್ಲ. ಪ್ಯಾಡಿನ ವಸ್ತು ಕಾದ ಡಿಸ್ಕಿನ ಮೇಲೆ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಮೆತ್ತಿಕೊಂಡಿರುತ್ತದೆ. ಘಟ್ಟ ಇಳಿದೊಡನೆ ಗಾಡಿ ನಿಲ್ಲಿಸಿ ಪೆಡಲನ್ನು ಒತ್ತಿಯೇ ಹಿಡಿದಿದ್ದರೆ ಪ್ಯಾಡಿನ ಅಚ್ಚು ಹಾಗೆ ಮೂಡುವುದು. ಕಾದ ಚಕ್ರಕ್ಕೆ ತಣ್ಣೀರು ಎರಚುವ ಪದ್ಧತಿಯೂ ಒಳ್ಳೆಯದಲ್ಲ. ಬಿಸಿ ಬಂಡೆಯ ಮೇಲೆ ನೀರು ಸುರಿದರೆ ಬಿರಿಯುವುದನ್ನು ನಮ್ಮ ರೈತರೇ ಬಲ್ಲರು.

ಘಟ್ಟದಲ್ಲಿ ಬ್ರೇಕಿನ ಹೊರೆಯನ್ನು ಇಳಿಸುವ ಉಪಾಯಕ್ಕೆ ಖರ್ಚಿಲ್ಲ: ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯುವುದು. ಕೆಳಗಿನ ಗೇರಿನಲ್ಲಿ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗಿ, ಇಳಿಜಾರಿನ ಶಕ್ತಿಯ ದೊಡ್ಡ ಪಾಲು ಅಲ್ಲಿ ವ್ಯಯವಾಗುತ್ತದೆ. ಪೆಟ್ರೋಲು ಉಳಿಯಲೆಂದು ನ್ಯೂಟ್ರಲಿನಲ್ಲಿ ಇಳಿಯುವವರು ಕೇಳಬೇಕು. ಈಗಿನ ಎಂಜಿನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸಿಬಿಡುತ್ತವೆ, ನ್ಯೂಟ್ರಲಿನಲ್ಲಿಯೇ ಅದು ಖರ್ಚಾಗುವುದು. ಎಂಜಿನನ್ನು ಆರಿಸಿ ಇಳಿಯುವುದಂತೂ ಸಾಹಸವೂ ಅಲ್ಲ, ಜಾಣತನವೂ ಅಲ್ಲ. ಕೆಲವು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ನೆರವಾಗುವ ಬೂಸ್ಟರಿನ ಬಲ ತೀರಿಹೋಗಿ ಪೆಡಲು ಕಲ್ಲಾಗುತ್ತದೆ. ಬಾಡಿಗೆ ಗಾಡಿಯಲ್ಲಿ ಕುಳಿತವರೂ ಚಾಲಕನಿಗೆ "ಅಣ್ಣಾ, ಎರಡನೆಯ ಗೇರಿಗೆ ಹಾಕಿ" ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಪ್ಯಾಡುಗಳನ್ನು ಬದಲಿಸುವಾಗ ಒಂದೇ ಚಕ್ರಕ್ಕೆ ಹಾಕಿಸದೆ ಎಡಬಲ ಎರಡಕ್ಕೂ ಹಾಕಿಸಬೇಕು; ಇಲ್ಲವಾದರೆ ಗಾಡಿ ಒಂದು ಕಡೆಗೆ ಎಳೆಯುವುದು. ಅಲ್ಲಿ ಕೂಡಿದ ಧೂಳನ್ನು ಬಾಯಿಂದ ಊದಬಾರದು. ಹಳೆಯ ಪ್ಯಾಡುಗಳಲ್ಲಿ ಪುಪ್ಪುಸಕ್ಕೆ ಮಾರಕವಾದ ಕಲ್ನಾರು ಇರುತ್ತಿತ್ತು, ಹೊಸವುಗಳ ಧೂಳೂ ಉಸಿರಿಗೆ ಹಿತವಲ್ಲ. ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಗೀರು ಬಿದ್ದ ಡಿಸ್ಕಿಗೆ ಹೊಸ ಪ್ಯಾಡು ಹಾಕಿದರೆ ಅದು ದಿಂಡುಗಳ ನೆತ್ತಿಯನ್ನಷ್ಟೇ ಮುಟ್ಟುತ್ತದೆ. ಸರಿಯಾದ ಡಿಸ್ಕಿನ ಮೇಲೂ ಹೊಸ ಪ್ಯಾಡು ಪೂರ್ತಿ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರುಗಳ ಮೃದುವಾದ ಬಳಕೆ ಬೇಕು. ಆದುದರಿಂದ ನಾಳೆ ಘಟ್ಟ ಇಳಿಯಬೇಕೆಂದು ಇಂದು ಸಂಜೆ ಪ್ಯಾಡು ಹಾಕಿಸದೆ, ಒಂದೆರಡು ವಾರ ಮುಂಚೆಯೇ ಆ ಕೆಲಸವನ್ನು ಮುಗಿಸಿಕೊಳ್ಳತಕ್ಕದ್ದು.