ನಾಚಿಕೆಯ ಮರೆಯಲ್ಲಿ ಬೆಳೆಯುವ ಕರುಳಿನ ಕ್ಯಾನ್ಸರ್



ವಿಜಯನಗರದ ನಮ್ಮ ನೆರೆಮನೆಯ ತಾಯಿಯೊಬ್ಬರು ಮಲದಲ್ಲಿ ರಕ್ತ ಹೋಗುತ್ತಿದ್ದುದನ್ನು ಎಂಟು ತಿಂಗಳು ಮನೆಯವರಿಂದಲೂ ಬಚ್ಚಿಟ್ಟಿದ್ದರು. "ಪೈಲ್ಸ್ ಇರಬೇಕು ಆಪಾ, ಇದನ್ನೆಲ್ಲ ಡಾಕ್ಟರಿಗೆ ಹೇಗೆ ಹೇಳೋದು?" ಎಂದರು. ಪರೀಕ್ಷಿಸಿದಾಗ ಅದು ದೊಡ್ಡ ಕರುಳಿನ ಕ್ಯಾನ್ಸರ್ ಆಗಿತ್ತು.

ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಹೆಚ್ಚಿನವು ಉಪಕಾರಿಗಳೇ. ಸೊಪ್ಪು, ಕಾಳುಗಳ ನಾರಿನಿಂದ ಅವು ಕರುಳಿನ ಕೋಶಗಳಿಗೆ ಆಹಾರ ಸಿದ್ಧಪಡಿಸುತ್ತವೆ. ಆದರೆ ಕೆಲವು ಹಾಗಲ್ಲ. ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಮ್ ಎಂಬುದು ಸಾಮಾನ್ಯವಾಗಿ ಬಾಯಿಯಲ್ಲಿರುತ್ತದೆ; ವಸಡಿನ ರೋಗದಲ್ಲಿ ಹೆಚ್ಚುತ್ತದೆ. ಇದು ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಾಗಿ ಇರುವುದನ್ನು 2011-12ರಲ್ಲಿ ಅಮೆರಿಕ ಮತ್ತು ಕೆನಡಾದ ಸಂಶೋಧಕರು ಕಂಡುಕೊಂಡರು.

ಅಲ್ಲಿ ಅದು ಮಾಡುವುದೇನು? ಮಕ್ಕಳಿಗೆ ಅರಬಿ ಕಲಿಸುವಾಗ ನಾವು ಜಬರ್, ಜೇರ್ ತೋರಿಸುತ್ತೇವೆ. ಅಕ್ಷರ ಅದೇ, ಗುರುತು ಬದಲಾದರೆ ಓದು ಬದಲಾಗುತ್ತದೆ. ನಮ್ಮ ಜೀವಕೋಶಗಳಲ್ಲೂ ಹೀಗೆಯೇ. ಡಿಎನ್‌ಎಯಿಂದ ನಕಲಾದ ಆರ್‌ಎನ್‌ಎ ಎಂಬ ಆಜ್ಞಾಪತ್ರದ ಮೇಲೆ ಸಣ್ಣ ರಾಸಾಯನಿಕ ಗುರುತುಗಳಿರುತ್ತವೆ. ಯಾವ ಆಜ್ಞೆ ಉಳಿಯಬೇಕು, ಯಾವುದು ಬೇಗ ನಾಶವಾಗಬೇಕು ಎಂಬುದರಲ್ಲಿ ಅವುಗಳ ಪಾತ್ರವಿದೆ. ಗುರುತು ಹಾಕುವ ಕಿಣ್ವದ ಹೆಸರು ಮೆಟ್ಲ್-3. ಈ ಬ್ಯಾಕ್ಟೀರಿಯಾ ಕ್ಯಾನ್ಸರ್ ಕೋಶಗಳಲ್ಲಿ ಆ ಕಿಣ್ವವನ್ನು ತಗ್ಗಿಸುತ್ತದೆ, ಗುರುತು ಕಡಿಮೆಯಾಗಿ ಕ್ಯಾನ್ಸರ್ ಹರಡುವ ಶಕ್ತಿ ಹೆಚ್ಚುತ್ತದೆ ಎಂದು ಚೀನಾದ ಸಂಶೋಧಕರು 2022ರಲ್ಲಿ ಪ್ರಕಟಿಸಿದರು.

ಇದು ಪ್ರಯೋಗಾಲಯದ ತಿಳಿವಳಿಕೆ. ಇದರಿಂದ ಔಷಧಿ ಬರಲು ಇನ್ನೂ ದಾರಿಯಿದೆ. ಬ್ಯಾಕ್ಟೀರಿಯಾ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದೂ ಇಲ್ಲ. ಹಾಗಾದರೆ ನಾವೇನು ಮಾಡಬಹುದು? ವಸಡಿನಲ್ಲಿ ರಕ್ತ ಬಂದರೆ ದಂತವೈದ್ಯರಿಗೆ ತೋರಿಸಿ. ಊಟದಲ್ಲಿ ಸೊಪ್ಪು, ಕಾಳು, ರಾಗಿ ಹೆಚ್ಚಿಸಿ. ಸಾಸೇಜ್‌ನಂತಹ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅದನ್ನು ಕಡಿಮೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದ ರಕ್ತಹೀನತೆ, ತೂಕ ಇಳಿಕೆ ಕಂಡರೆ ತಡಮಾಡಬೇಡಿ. ಮುಟ್ಟಿನಿಂದಲೇ ಎಂದು ಎಲ್ಲ ರಕ್ತಹೀನತೆಯನ್ನೂ ತಳ್ಳಿಹಾಕಬೇಡಿ. ಸಂಕೋಚವಿದ್ದರೆ ಮಹಿಳಾ ವೈದ್ಯರ ಬಳಿ ಹೋಗಿ. ನಮ್ಮ ಬೆಂಗಳೂರಿನಲ್ಲೇ, ಹೊಸೂರು ರಸ್ತೆಯಲ್ಲಿ, 1973ರಿಂದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಬೇಗ ಪತ್ತೆಯಾದ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಗುಣವಾಗುತ್ತದೆ.

ಹಯಾ ಒಳ್ಳೆಯ ಗುಣ. ಆದರೆ ರೋಗವನ್ನು ಮುಚ್ಚಿಡುವುದು ಹಯಾ ಅಲ್ಲ. ಇಂದೇ ನಿಮ್ಮ ತಾಯಿಯನ್ನು, ಅತ್ತೆಯನ್ನು ಮೆಲ್ಲನೆ ಒಮ್ಮೆ ಕೇಳಿ ನೋಡಿ.